ಎಡಗಡೆಯ ಅಲೆ

ಜೂನ್ 2, ಸೋಮವಾರ

ಬಿ.ಪಿ. ನೋಡುವ ಡಾಕ್ಟರು ಇವತ್ತು ಮಾತ್ರೆಯ ಜೊತೆಗೆ ಒಂದು ನೋಟ್‌ಬುಕ್ಕನ್ನೂ ಬರೆದುಕೊಟ್ಟರು. “ಯಾರಿಗೆ ಬೈಬೇಕು ಅನ್ಸುತ್ತೋ ಇದರಲ್ಲಿ ಬೈದುಬಿಡಿ ಮೇಡಂ. ಎದುರಿಗಿರೋರೂ ಉಳೀತಾರೆ, ನೀವೂ ಉಳೀತೀರಿ” ಎಂದರು. ನೂರು ಪುಟದ್ದು ತಂದಿದ್ದೇನೆ. ನಮ್ಮ ಸಂಸ್ಥೆಯ ಜನಸಂಖ್ಯೆ ನೋಡಿದರೆ ಇನ್ನೂರು ಪುಟದ್ದು ತರಬೇಕಿತ್ತು.

ಮೊದಲ ಪುಟ ನಿರ್ದೇಶಕರಿಗೆ ಸಲ್ಲಬೇಕು. ಹದಿನಾರು ವರ್ಷದಿಂದ ನಾನು ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೇನೆ: ಮೂರ್ಛೆ ಎಲ್ಲಿ ಶುರುವಾಗುತ್ತದೆ, ಯಾವಾಗ ಶುರುವಾಗುತ್ತದೆ? ಮನುಷ್ಯ ಬಿದ್ದು ಒದ್ದಾಡುವುದು ಎಲ್ಲರಿಗೂ ಕಾಣುತ್ತದೆ. ಅದಕ್ಕೆ ಮುಂಚೆ ಮಿದುಳಿನ ಯಾವ ಮೂಲೆಯಲ್ಲಿ ಸಂಚು ನಡೆದಿತ್ತು ಎಂಬುದು ಯಾರಿಗೂ ಕಾಣುವುದಿಲ್ಲ. ನನಗೆ ಕಂಡಿದೆ. ಹನ್ನೊಂದು ರೋಗಿಗಳಲ್ಲಿ ಒಂಬತ್ತು ಜನರ ಇಇಜಿ ದಾಖಲೆಯಲ್ಲಿ, ಅಂದರೆ ಮಿದುಳಿನ ವಿದ್ಯುತ್ತಿನ ಗೆರೆಗಳಲ್ಲಿ, ಸೆಳವಿಗೆ ಸುಮಾರು ಮೂವತ್ತು ಸೆಕೆಂಡು ಮೊದಲು, ತಲೆಯ ಎಡಗಡೆ ಒಂದು ನಿಧಾನವಾದ ಸಣ್ಣ ಅಲೆ ಏಳುತ್ತದೆ. ಬರಿಗಣ್ಣಿಗೆ ತಪ್ಪಿಸಿಕೊಳ್ಳುವ ಈ ಅಲೆ ನನ್ನ ಪ್ರೋಗ್ರಾಮಿಗೆ ಸಿಕ್ಕಿಬಿದ್ದಿತು. ಇಷ್ಟನ್ನೂ ಕೇಳಿದ ಮೇಲೆ ನಿರ್ದೇಶಕರು ಎತ್ತಿದ ಮೊದಲ ಪ್ರಶ್ನೆ: “ಇದಕ್ಕೊಂದು ಒಳ್ಳೇ ಹೆಸರು ಇಟ್ಟಿದೀರಾ?”

ಇಟ್ಟಿರಲಿಲ್ಲ. ಊಟದ ಹೊತ್ತಿಗೆ ಅವರೇ ಇಟ್ಟರು. ‘ಪೂರ್ವಸೂಚಕ ವಾಮತರಂಗ.’ ತಿಂಗಳ ಕೊನೆಯ ಸಮ್ಮೇಳನದಲ್ಲಿ ನಾನು ಇದನ್ನು ನಗದೆ ಉಚ್ಚರಿಸಬೇಕಂತೆ.

ಜೂನ್ 5, ಗುರುವಾರ

ವಾರ್ಡಿನಿಂದ ದೂರು. ಆಯಾ ಮತ್ತೆ ತಂತಿಗಳ ಹತ್ತಿರ ಬಟ್ಟೆ ಇಡುತ್ತಿದ್ದಾಳಂತೆ. ನಮ್ಮ ವಾರ್ಡು ವಿಚಿತ್ರ ಜಾಗ. ಬೇರೆ ಕಡೆ ರೋಗ ಬಾರದಿರಲಿ ಎಂದು ಕಾಯುತ್ತಾರೆ, ಇಲ್ಲಿ ಬರಲಿ ಎಂದು ಕಾಯುತ್ತೇವೆ. ತಲೆಗೆ ಎರಡು ಡಜನ್ ತಂತಿ ಅಂಟಿಸಿ, ಮಾತ್ರೆ ಕಡಿಮೆ ಮಾಡಿ, ಮೇಲೊಂದು ಕ್ಯಾಮೆರಾ ಇಟ್ಟು ರೋಗಿಯನ್ನು ಮಲಗಿಸಿದರೆ ವಾರವಾದರೂ ಫಿಟ್ಸ್ ಬರುವುದಿಲ್ಲ. ಬೇಡವೆಂದಾಗ ಬರುವುದು, ಬಾ ಎಂದಾಗ ನಾಪತ್ತೆಯಾಗುವುದು. ಮೂರ್ಛೆಯೂ ನಮ್ಮ ಮನೆಯ ಪ್ಲಂಬರೂ ಒಂದೇ ಜಾತಿ.

ಆಯಾಳಿಗೆ ತಿಳಿಹೇಳಲು ವಾರ್ಡಿಗೆ ಹೋಗಬೇಕಿತ್ತು, ಹೋಗಲಿಲ್ಲ. ಎಂಟು ತಿಂಗಳಿಂದ ಆ ಕಡೆ ತಲೆ ಹಾಕಿಲ್ಲ. ರೋಗಿಯ ವಿಡಿಯೊವನ್ನೂ ನೋಡುವುದಿಲ್ಲ. ಮುಖ ನೋಡಿದರೆ ಮನಸ್ಸು ಒಂದು ಕಡೆ ವಾಲುತ್ತದೆ, ಆಮೇಲೆ ಬೇಕಾದ್ದೇ ಕಾಣುತ್ತದೆ. ನನ್ನ ವಿದ್ಯಾರ್ಥಿಗಳಿಗೆಲ್ಲ ಇದೇ ನಿಯಮ: ಅಲೆ ನೋಡಿ, ಆಳನ್ನು ನೋಡಬೇಡಿ.

ಮನೆಯಲ್ಲಿ ಇವರಿಗೆ ಎಲ್ಲವನ್ನೂ ವಿವರಿಸಿದೆ. ಇವರು ಭೂಗೋಳದ ಮೇಷ್ಟ್ರು. ಗಂಡನಾದ ತಪ್ಪಿಗೆ ನರವಿಜ್ಞಾನವನ್ನೂ ಕೇಳಬೇಕು.

“ಒಂಬತ್ತು ಜನ ಸರಿ. ಇನ್ನಿಬ್ಬರು?” ಎಂದರು.

“ಅಪವಾದ ಕಣ್ರೀ.”

“ನನ್ನ ಕ್ಲಾಸಲ್ಲಿ ಇಬ್ಬರು ಸೂರ್ಯ ಪಶ್ಚಿಮದಲ್ಲಿ ಹುಟ್ತಾನೆ ಅಂತ ಬರೆದಿದ್ರು. ನಾನೂ ಅಪವಾದ ಅಂದ್ಕೊಂಡೆ. ನೋಡಿದ್ರೆ ಭೂಪಟಾನ ನಾನೇ ತಲೆಕೆಳಗಾಗಿ ನೇತು ಹಾಕಿದ್ದೆ.”

ಮೇಷ್ಟ್ರುಗಳಿಗೆ ಎಲ್ಲದಕ್ಕೂ ಒಂದು ಕಥೆ ಇರುತ್ತದೆ.

ಜೂನ್ 9, ಸೋಮವಾರ

ಶಸ್ತ್ರಚಿಕಿತ್ಸೆಯ ಸಭೆ. ನಮ್ಮ ಸರ್ಜನ್‌ಗೆ ನಾನು ಇಟ್ಟಿರುವ ಹೆಸರು ಕತ್ತರಿ. ಎಲ್ಲಿ ಎಂದು ಹೇಳಿದರೆ ಸಾಕು, ಏಕೆ ಎಂದು ಕೇಳುವ ಅಭ್ಯಾಸ ಅವರಿಗಿಲ್ಲ.

ಇವತ್ತಿನ ವಿಷಯ ನಾಲ್ಕನೇ ಮಂಚ. ಮೂವತ್ತನಾಲ್ಕು ವರ್ಷದ ಹೆಂಗಸು, ಬಸ್ ನಿಲ್ದಾಣದಲ್ಲಿ ಅನೌನ್ಸರ್. ಹನ್ನೊಂದು ವರ್ಷದಿಂದ ಫಿಟ್ಸ್. ಐದು ಥರದ ಮಾತ್ರೆಗೂ ಜಗ್ಗಿಲ್ಲ. ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ, ಇಇಜಿಯಲ್ಲಿ ಕಾಣುವಷ್ಟರಲ್ಲಿ ಸೆಳವು ಎರಡೂ ಕಡೆ ಹಬ್ಬಿಬಿಟ್ಟಿರುತ್ತದೆ. ಎಡವೋ ಬಲವೋ ತಿಳಿಯದೆ ಮೂರು ಆಸ್ಪತ್ರೆಗಳು ಕೈಚೆಲ್ಲಿವೆ. ನನ್ನ ಅಲೆ ಎಡ ಎನ್ನುತ್ತದೆ. ಶುರುವಾಗುವ ಆ ಚೂರನ್ನು ತೆಗೆದರೆ ಮೂರ್ಛೆ ನಿಲ್ಲಬಹುದು. ತೊಂದರೆಯೆಂದರೆ ಮಾತಿನ ಪದಗಳೂ ಆ ಎಡ ಓಣಿಯಲ್ಲೇ ಮನೆ ಮಾಡಿಕೊಂಡಿವೆ.

ಅವಳನ್ನು ಕರೆಸಿದರು. ತಲೆಗೆ ಬಟ್ಟೆ ಸುತ್ತಿಕೊಂಡು ಬಂದು ಕೂತಳು. ಮಾತಾಡುವಾಗ ಎರಡು ಕೈಯನ್ನೂ ಟ್ರಾಫಿಕ್ ಪೊಲೀಸಿನ ಹಾಗೆ ಬೀಸುತ್ತಾಳೆ.

“ಸ್ವಲ್ಪ ಪದಗಳು ಹೋಗಬಹುದು. ಮುಖ್ಯವಾಗಿ ಹೆಸರುಗಳು” ಎಂದರು ಕತ್ತರಿ.

“ಎಷ್ಟು ಹೋಗ್ತವೆ ಸರ್?”

“ಮೊದಲೇ ಹೇಳಕ್ಕಾಗಲ್ಲ.”

“ಯಾವ್ಯಾವ ಊರು ಅಂತ ಗೊತ್ತಾಗಿದ್ರೆ ಚೆನ್ನಾಗಿತ್ತು. ಹತ್ತೂವರೆ ಬಸ್ಸಿನ ಊರು ಹೋದ್ರೆ ಪರವಾಗಿಲ್ಲ, ಆ ಬಸ್ಸು ಹೇಗೂ ಬರಲ್ಲ. ಮಿಕ್ಕಿದ್ದು ನನ್ನ ಹೊಟ್ಟೆಪಾಡು.”

ಅವಳು ನನ್ನ ಕಡೆ ತಿರುಗಿದಳು. “ಎಡಗಡೆನೇ ಅಂತ ನಿಮಗೆ ಖಾತ್ರಿನಾ ಮೇಡಂ?”

“ನೂರಕ್ಕೆ ನೂರು” ಎಂದೆ.

ಆಪರೇಷನ್ ಹತ್ತೊಂಬತ್ತಕ್ಕೆ, ಗುರುವಾರ. ನಿರ್ದೇಶಕರಿಗೆ ಖುಷಿಯೋ ಖುಷಿ. ಸಮ್ಮೇಳನಕ್ಕೆ ಮುಂಚೆ ಒಂದು ಯಶಸ್ವೀ ಪ್ರಕರಣ ಕೈಯಲ್ಲಿರುತ್ತದಂತೆ.

ಜೂನ್ 12, ಗುರುವಾರ

ಸಂಸ್ಥೆಯ ಕಿರುಹೊತ್ತಗೆಗೆ ಫೋಟೊ ಬೇಕಂತೆ. ‘ವಿಜ್ಞಾನಿ ರೋಗಿಯನ್ನು ಕರುಣೆಯಿಂದ ನೋಡುತ್ತಿರುವುದು.’ ಹೀಗೆ ನನ್ನನ್ನು ವಾರ್ಡಿಗೆ ಎಳೆದೊಯ್ದರು. ಕರುಣೆಯ ಮುಖ ನನಗೆ ಒಗ್ಗುವುದಿಲ್ಲ. ಹಲ್ಲುನೋವಿನ ಮುಖ ಬಂತು. ಫೋಟೊಗ್ರಾಫರ್ ಅದನ್ನೇ ಇಪ್ಪತ್ತು ಸಲ ತೆಗೆದ.

ನಾಲ್ಕನೇ ಮಂಚದವಳು ಬಾಯಿ ಮುಚ್ಚಲಿಲ್ಲ. ಅವಳ ತಲೆಯ ತಂತಿಗಳೆಲ್ಲ ಒಂದು ಜಡೆಯಾಗಿ ಎಡ ಭುಜದ ಮೇಲಿಂದ ಎಡಗೋಡೆಯ ಪೆಟ್ಟಿಗೆಗೆ ಹೋಗುತ್ತವೆ. “ಮದುವೆಗೂ ನನಗೆ ಇಷ್ಟುದ್ದ ಜಡೆ ಇರಲಿಲ್ಲ” ಎನ್ನುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿದ್ದ ಹಸಿರು ಸಮವಸ್ತ್ರದ ಆಯಾ, ಯಾರನ್ನೂ ಕೇಳದೆ, ನನ್ನ ಮತ್ತು ಕ್ಯಾಮೆರಾದ ಮಧ್ಯೆ ನುಗ್ಗಿಬಂದಳು. ರೋಗಿಯ ಕನ್ನಡಕ ತೆಗೆದಳು, ತಂತಿಯ ಜಡೆ ಎತ್ತಿ ಪಕ್ಕಕ್ಕಿಟ್ಟಳು, ತಲೆಯ ಅಡಿಗೆ ಮಡಚಿದ ಬಟ್ಟೆ ತೂರಿಸಿದಳು.

“ಏನಮ್ಮಾ ನೀನು, ಕಣ್ಣು ಕಾಣಲ್ವಾ?” ಎಂದೆ. ನನ್ನ ಬೈಗುಳ ಮುಗಿಯುವಷ್ಟರಲ್ಲಿ ರೋಗಿಗೆ ಫಿಟ್ಸ್ ಬಂತು. ಫೋಟೊ ಕಾರ್ಯಕ್ರಮ ಅಲ್ಲಿಗೆ ಮುಗಿಯಿತು.

ಬಿ.ಪಿ. 160/100. ಆಯಾಳ ಮೇಲೆ ಲಿಖಿತ ದೂರು ಕೊಡಬೇಕು.

ಜೂನ್ 13, ಶುಕ್ರವಾರ

ದೂರು ಕೊಡಲಿಲ್ಲ.

ಫೋಟೊಗಳು ಬಂದವು. ಯಾವುದರಲ್ಲಿ ನನ್ನ ಎರಡು ಗದ್ದ ಒಂದಾಗಿ ಕಾಣುತ್ತದೆ ಎಂದು ಹುಡುಕುತ್ತಿದ್ದೆ. ಒಂದರಲ್ಲಿ ಆಯಾಳ ಕೈ ತಂತಿಯ ಜಡೆ ಹಿಡಿದಿದೆ. ಮೂಲೆಯಲ್ಲಿ ಸಮಯ: 11 ಗಂಟೆ 7 ನಿಮಿಷ 14 ಸೆಕೆಂಡು. ಸುಮ್ಮನೆ, ಕುತೂಹಲಕ್ಕೆ, ನಿನ್ನೆಯ ದಾಖಲೆ ತೆರೆದೆ. ನನ್ನ ಅಲೆ ಎದ್ದದ್ದು 11 ಗಂಟೆ 7 ನಿಮಿಷ 13 ಸೆಕೆಂಡಿಗೆ.

ನಿಯಮ ಮುರಿದು ವಿಡಿಯೊ ಹಾಕಿದೆ. ಒಂಬತ್ತೂ ಜನರದ್ದು. ಒಂಬತ್ತರಲ್ಲೂ ಎಡಗಡೆಯಿಂದ ಹಸಿರು ತೋಳಿನ ಒಂದು ಕೈ ಬರುತ್ತದೆ, ತಂತಿ ಎತ್ತುತ್ತದೆ, ನನ್ನ ಅಲೆ ಏಳುತ್ತದೆ. ಅರ್ಧ ನಿಮಿಷದ ಮೇಲೆ ಸೆಳವು. ತಂತಿ ಅಲುಗಿದ್ದನ್ನು ನಾನು ಮಿದುಳಿನ ಅಲೆ ಎಂದು ಓದಿದ್ದೆ. ಅಪವಾದದ ಇಬ್ಬರ ವಿಡಿಯೊದಲ್ಲಿ ಕೈ ಇಲ್ಲ. ಹಾಜರಿ ಪುಸ್ತಕ ತರಿಸಿದೆ. ಆ ಎರಡು ದಿನ ಆಯಾ ಮಗಳ ಹೆರಿಗೆಗೆಂದು ರಜೆಯಲ್ಲಿದ್ದಳು.

ಹದಿನಾರು ವರ್ಷ ಹುಡುಕಿ ನಾನು ಕಂಡುಹಿಡಿದದ್ದು ಒಬ್ಬ ಆಯಾಳ ಕೈಯನ್ನು. ಅದಕ್ಕೆ ಸಂಸ್ಕೃತದಲ್ಲಿ ಹೆಸರೂ ಇಟ್ಟಾಗಿದೆ. ಮನೆಯಲ್ಲಿ ತಲೆನೋವು ಎಂದು ಹೇಳಿ ಬೇಗ ಮಲಗಿದೆ.

ಜೂನ್ 14, ಶನಿವಾರ

ವಾರ್ಡಿಗೆ ಹೋದೆ. ಆಯಾ ಹೊದಿಕೆ ಮಡಚುತ್ತಿದ್ದಳು. ಫಿಟ್ಸ್ ಬರುವುದು ಮೊದಲೇ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಬೈಯಲು ಬಂದಿದ್ದೇನೆ ಎಂದುಕೊಂಡಳು.

“ನಂದೇನೂ ತಪ್ಪಿಲ್ಲ ಮೇಡಂ. ಕನ್ನಡಕ ಒಡೆದ್ರೆ ನನ್ನನ್ನೇ ಕೇಳ್ತಾರೆ, ಅದಕ್ಕೆ ಮೊದಲೇ ತೆಗೆದಿಡ್ತೀನಿ.”

“ತಪ್ಪಿಲ್ಲ. ಗೊತ್ತಾಗೋದು ಹೇಗೆ ಅಂತ ಹೇಳಿ.”

“ನೋಡ್ತಾ ಇದ್ರೆ ಗೊತ್ತಾಗುತ್ತಲ್ಲ. ಎರಡನೇ ಮಂಚದ ತಾತ ಎರಡು ಸಲ ಉಗುಳು ನುಂಗ್ತಾರೆ. ಏಳನೇ ಮಂಚದವಳು ಕಿಟಕಿ ಕಡೆ ನೋಡ್ತಾಳೆ, ಕಿಟಕಿ ಇಲ್ಲದ ಗೋಡೆನಾದ್ರೂ ಸರಿ. ಈ ಬಸ್ ಸ್ಟ್ಯಾಂಡಿನವರದು ಎಡಗೈ.”

“ಎಡಗೈ ಏನಾಗುತ್ತೆ?”

“ಬಾಯಿ ನಡೀತಾ ಇರುತ್ತೆ, ಬಲಗೈ ಆಡ್ತಾ ಇರುತ್ತೆ. ಎಡಗೈ ಮಾತ್ರ ಮಡಿಲಲ್ಲಿ ಬಿದ್ದುಬಿಡುತ್ತೆ, ಯಾರೋ ಮರೆತು ಬಿಟ್ಟುಹೋದ ಹಾಗೆ.”

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. ಎಡಗೈಯನ್ನು ಆಡಿಸುವುದು ಬಲ ಮಿದುಳು. ಎಡಗೈ ಸತ್ತು ಮಾತು ಬದುಕಿದೆ ಎಂದರೆ ಬೆಂಕಿ ಹತ್ತುತ್ತಿರುವುದು ಬಲಗಡೆ ಎಂದು ಮೊದಲ ವರ್ಷದ ವಿದ್ಯಾರ್ಥಿಯೂ ಊಹಿಸುತ್ತಾನೆ. ಗುರುವಾರ ನಾವು ಎಡಗಡೆ ಕತ್ತರಿಸಲಿದ್ದೇವೆ. ಪದಗಳೂ ಹೋಗುತ್ತವೆ, ಫಿಟ್ಸೂ ಉಳಿಯುತ್ತದೆ.

“ಯಾಕೆ ಮೇಡಂ ಮುಖ ಹೀಗೆ ಮಾಡ್ಕೊಂಡ್ರಿ? ನೀರು ಕುಡೀರಿ” ಎಂದು ಲೋಟ ತಂದುಕೊಟ್ಟರು. ಕುಡಿದೆ.

ಜೂನ್ 16, ಸೋಮವಾರ

ನಿರ್ದೇಶಕರಿಗೆ ಎಲ್ಲ ಹೇಳಿದೆ. ಅವರು ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದರು.

“ಸಮ್ಮೇಳನ ಮುಗಿಯೋವರೆಗೆ ಸುಮ್ನಿದ್ದುಬಿಡಿ. ಆಮೇಲೆ ನಿಧಾನಕ್ಕೆ ಪರಿಷ್ಕರಿಸಿದ್ರಾಯ್ತು.”

“ಆಪರೇಷನ್ ಗುರುವಾರ ಇದೆ ಸರ್.”

“ಎಡ ಅಲ್ಲ ಅಂತ ಏನಾದ್ರೂ ಪುರಾವೆ ಇದೆಯಾ? ಆಯಾ ಹೇಳಿದ್ದು ಬಿಟ್ಟು?”

ಈ ಮಾತಿಗೆ ನನ್ನ ರಕ್ತ ಕುದಿಯಿತು ಎಂದು ಬರೆಯಬೇಕಿತ್ತು. ನಿಜ ಹೇಳಬೇಕೆಂದರೆ, ಒಂದು ಕ್ಷಣ ತಂಪಾಯಿತು. ಹೌದಲ್ಲ, ಎಡವೇ ಇದ್ದರೂ ಇರಬಹುದಲ್ಲ. ಅರ್ಧಕ್ಕರ್ಧ ಸಾಧ್ಯತೆ ಇದೆಯಲ್ಲ. ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ. ಹದಿನಾರು ವರ್ಷ, ಸಭಾಂಗಣ, ಚಪ್ಪಾಳೆ. ಕಾರಿಡಾರಿನ ಆ ತುದಿಯವರೆಗೂ ಇದೇ ಯೋಚನೆ ಮಾಡಿಕೊಂಡು ಹೋದೆ. ನಾಚಿಕೆಗೇಡು. ಈ ಪುಟವನ್ನು ಯಾರಿಗೂ ತೋರಿಸುವ ಹಾಗಿಲ್ಲ.

ಸಂಜೆ ಇವರಿಗೆ ಹೇಳಿದೆ. ಐದು ನಿಮಿಷ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, “ನಾಳೆ ಸಭೇಲಿ ಹೇಳ್ತೀಯಲ್ಲ?” ಎಂದರು.

“ಹೇಳದಿದ್ರೆ?”

“ಹೇಳದಿದ್ರೆ ನಾನೇನೂ ಕೇಳಲ್ಲ. ಆದ್ರೆ ಆಮೇಲೆ ನಾವಿಬ್ಬರೂ ಯಾವ ಊರಿಗೂ ಬಸ್ಸಲ್ಲಿ ಹೋಗೋ ಹಾಗಿಲ್ಲ ಕಣೇ.”

ಜೂನ್ 17, ಮಂಗಳವಾರ

ಹೇಳಿದೆ. ಎಲ್ಲರೆದುರು ಆ ಫೋಟೊ ತೋರಿಸಿ, “ನನ್ನ ಸಂಶೋಧನೆ ಈ ಕೈ” ಎಂದೆ. ಯಾರೋ ಕೆಮ್ಮಿದರು. ಕತ್ತರಿ ಪಟ್ಟಿಯಿಂದ ಗುರುವಾರವನ್ನು ಹೊಡೆದುಹಾಕಿದರು. ನಿರ್ದೇಶಕರು ಸಭೆ ಮುಗಿಯುವ ಮೊದಲೇ ಎದ್ದುಹೋದರು.

ರೋಗಿಗೆ ತಿಳಿಸುವ ಕೆಲಸ ನನ್ನ ತಲೆಗೇ ಬಂತು. ಧನ್ಯವಾದ ಹೇಳುತ್ತಾಳೆ ಎಂದುಕೊಂಡು ಹೋದೆ. ನನ್ನ ಬುದ್ಧಿಗಿಷ್ಟು.

“ಹನ್ನೊಂದು ವರ್ಷ ಆದ್ಮೇಲೆ ಒಂದು ತಾರೀಕು ಕೊಟ್ರಿ. ಮಗನಿಗೆ ಹೇಳಿದೀನಿ, ಅತ್ತೆಗೆ ಹೇಳಿದೀನಿ, ಡಿಪೋ ಮ್ಯಾನೇಜರ್ ಹತ್ರ ರಜೆ ಬರೆಸಿದೀನಿ. ಈಗ ಬಂದು ತಪ್ಪಾಯ್ತು ಅಂತೀರಾ?” ಕೈಗಳೆರಡೂ ನನ್ನ ಮುಖದ ಮುಂದೆ ಆಡುತ್ತಿದ್ದವು. “ನೂರಕ್ಕೆ ನೂರು ಅಂದವರು ನೀವೇ ತಾನೇ? ಬಸ್ಸು ಲೇಟಾದ್ರೆ ನಾವು ಕ್ಷಮೆನಾದ್ರೂ ಕೇಳ್ತೀವಿ.”

ಕ್ಷಮೆ ಕೇಳಿದೆ. ಅಭ್ಯಾಸವಿಲ್ಲದ್ದರಿಂದ ಎರಡು ಸಲ ತಡವರಿಸಿದೆ. ಆಕೆ ಗೋಡೆ ಕಡೆ ತಿರುಗಿ ಮಲಗಿದಳು.

ಜೂನ್ 20, ಶುಕ್ರವಾರ

ಹೊಸ ವ್ಯವಸ್ಥೆ. ಹಳೆಯ ದಾಖಲೆಗಳಲ್ಲಿ ಕೈ ತಾಗಿದ ಗಲಾಟೆಯಲ್ಲಿ ಆ ಮೂವತ್ತು ಸೆಕೆಂಡು ಮುಳುಗಿಹೋಗಿದೆ, ನಿಜವಾದ ಆರಂಭ ಓದಲು ಬರುವುದಿಲ್ಲ. ಕತ್ತರಿ ಹೇಳಿಬಿಟ್ಟಿದ್ದಾರೆ: “ಯಾರೂ ಮುಟ್ಟದ ಮೂರು ಫಿಟ್ಸ್ ತೋರಿಸಿ. ಇಲ್ಲದಿದ್ರೆ ಚಾಕು ಮುಟ್ಟಲ್ಲ.” ಸರಿಯಾದ ಮಾತು.

ಆದ್ದರಿಂದ ನಿಯಮ ಬರೆದು ಗೋಡೆಗೆ ಅಂಟಿಸಿದ್ದೇನೆ. ಮಂಚದ ಸುತ್ತ ಮೆತ್ತೆ ಕಟ್ಟಬೇಕು. ಕನ್ನಡಕ ಮೊದಲೇ ತೆಗೆದಿಡಬೇಕು. ಎಡಗೈ ಬಿದ್ದದ್ದು ಕಂಡ ಕ್ಷಣದಿಂದ ಸೆಳವು ಪೂರ್ತಿ ಶುರುವಾಗುವವರೆಗೆ ಯಾರೂ ರೋಗಿಯನ್ನು ಮುಟ್ಟಕೂಡದು. ಅನೌನ್ಸರ್ ಓದಿ ಒಪ್ಪಿಕೊಂಡರು, ನನ್ನೊಂದಿಗೆ ಮಾತು ಮಾತ್ರ ಇಲ್ಲ. ಆಯಮ್ಮ ಓದಿ, “ಹಾಗಾದ್ರೆ ನಾನು ಅಲ್ಲಿ ನಿಂತು ಏನು ಮಾಡ್ಲಿ?” ಎಂದರು.

“ನೋಡ್ತಾ ಇರಿ.”

“ಅದು ಕಷ್ಟ ಮೇಡಂ” ಎಂದರು. ನನಗೆ ಅರ್ಥವಾಗಲಿಲ್ಲ. ನೋಡುವುದರಲ್ಲೇನು ಕಷ್ಟ?

ಜೂನ್ 24, ಮಂಗಳವಾರ

ನಾಲ್ಕು ದಿನದಿಂದ ಬೆಳಿಗ್ಗೆಯಿಂದ ಸಂಜೆವರೆಗೆ ಸ್ಟೂಲಿನ ಮೇಲಿದ್ದೇನೆ. ಬೆನ್ನು ಮುರಿದಿದೆ. ನಿನ್ನೆ ಒಂದು, ಇವತ್ತು ಒಂದು. ಎರಡೂ ಸ್ವಚ್ಛ. ಎರಡರಲ್ಲೂ ಬಲಗಡೆ, ಕಿವಿಯ ಮೇಲೆ, ಗೆರೆಗಳು ಇದ್ದಕ್ಕಿದ್ದಂತೆ ಚಪ್ಪಟೆಯಾಗುತ್ತವೆ, ಆಮೇಲೆ ಸಣ್ಣದಾಗಿ ನಡುಗುತ್ತವೆ. ಇದು ಬರಿಗಣ್ಣಿಗೇ ಕಾಣುತ್ತದೆ. ಪ್ರೋಗ್ರಾಮೂ ಬೇಡ, ನಾನೂ ಬೇಡ.

ಅನೌನ್ಸರ್ ಈಗ ಸ್ವಲ್ಪ ಮಾತಾಡುತ್ತಾರೆ. ಅವರ ಮಗನಿಗೆ ಎಂಟು ವರ್ಷ. ಫಿಟ್ಸ್ ಬಂದಾಗ ಅಮ್ಮನ ಪಕ್ಕ ಕೂತು ಗಡಿಯಾರ ನೋಡುವುದನ್ನು ಆರನೇ ವರ್ಷಕ್ಕೇ ಕಲಿತಿದ್ದಾನಂತೆ. ಎಡಗೈ ಬೀಳುವುದನ್ನು ಆಯಮ್ಮ ಎರಡು ಸಲವೂ ನನಗಿಂತ ಮೊದಲೇ ಕಂಡರು. ನಾನು ಎರಡನೇ ಸಲ ಒಂದು ಉಸಿರಿನಷ್ಟು ಮಾತ್ರ ಹಿಂದಿದ್ದೆ.

ಸಮ್ಮೇಳನದಲ್ಲಿ ನನ್ನ ಉಪನ್ಯಾಸ ರದ್ದಾಗಿದೆ. ಬಿ.ಪಿ. ನೋಡಿಸಿಕೊಳ್ಳಲು ಮರೆತೆ.

ಜೂನ್ 27, ಶುಕ್ರವಾರ

ಮೂರನೆಯದು ಹಾಳಾಯಿತು.

ಮಧ್ಯಾಹ್ನ ಮೂರೂಕಾಲು. ಅನೌನ್ಸರ್ ಹತ್ತೂವರೆ ಬಸ್ಸಿನ ಡ್ರೈವರನ ಮದುವೆ ಹೇಗೆ ಮುರಿಯಿತು ಎಂದು ಉಪ್ಪುಖಾರ ಹಚ್ಚಿ ಹೇಳುತ್ತಿದ್ದರು. ಎಡಗೈ ನಿಧಾನವಾಗಿ ಮಡಿಲಿಗೆ ಬಂತು. ಈ ಸಲ ಮೊದಲು ಕಂಡದ್ದು ನನಗೆ. ಆಯಮ್ಮನ ಕಡೆ ನೋಡಿದೆ, ಅವರು ಆಗಲೇ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ನಿಯಮ ಎಂದರೆ ನಿಯಮ.

ಕಥೆ ಅರ್ಧಕ್ಕೆ ನಿಂತಿತು. “ಮೇಡಂ, ಬರ್ತಿದೆ ಅನ್ಸುತ್ತೆ” ಎಂದರು. ಕಣ್ಣುಗಳಲ್ಲಿ ಹೆದರಿಕೆ ತುಂಬಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ನೂರು ಸಲ ಬಂದಿರಬಹುದು, ಆದರೂ ಅಷ್ಟು ಹೆದರಿಕೆ. ನನ್ನ ಒಂದು ದಾಖಲೆಯಲ್ಲೂ ಅದು ಇರಲಿಲ್ಲ. ಬಲಗೈಯನ್ನು ನನ್ನ ಕಡೆ ಚಾಚಿ, “ಕೈ ಕೊಡಿ” ಎಂದರು.

ಹದಿನೈದು ಸೆಕೆಂಡು ಕಾದಿದ್ದರೆ ಸಾಕಿತ್ತು. ಶಸ್ತ್ರಚಿಕಿತ್ಸೆಯ ತಾರೀಕೇ ಅದರ ಮೇಲೆ ನಿಂತಿತ್ತು. ಎಲ್ಲ ಗೊತ್ತಿದ್ದೂ ಕೈ ಕೊಟ್ಟೆ. ಅವರು ಮುಷ್ಟಿ ಹಿಡಿದು ಎಳೆದ ರಭಸಕ್ಕೆ ಸ್ಟೂಲು ಮಂಚಕ್ಕೆ ಬಡಿಯಿತು, ತಂತಿಗಳೆಲ್ಲ ಕುಣಿದವು. ಪರದೆಯ ಮೇಲೆ ಎಡ, ಬಲ, ಹಿಂದೆ, ಮುಂದೆ ಎಲ್ಲ ಕಡೆ ಅಲೆಗಳೇ ಅಲೆಗಳು.

ಆಮೇಲೆ ಆಯಮ್ಮ ರೋಗಿಯ ಬಾಯಿ ಒರೆಸುತ್ತಾ, “ರೂಲ್ಸು ನೀವೇ ಬರೆದಿದ್ದಲ್ವಾ ಮೇಡಂ?” ಎಂದರು. ಬೇರೆ ಯಾರಾದರೂ ಕೇಳಿದ್ದರೆ ಅರ್ಧ ಪುಟ ಬೈಯುತ್ತಿದ್ದೆ.

ವರದಿಯಲ್ಲಿ ಬರೆದದ್ದು: ಮೂರನೇ ದಾಖಲೆ ಅನುಪಯುಕ್ತ. ಕಾರಣ, ಹೊರಗಿನ ಸ್ಪರ್ಶ. ಸ್ಪರ್ಶಿಸಿದವರು, ಪ್ರಧಾನ ಸಂಶೋಧಕಿ.

ಜೂನ್ 30, ಸೋಮವಾರ

ಕಿರುಹೊತ್ತಗೆ ಅಚ್ಚಾಗಿ ಬಂದಿದೆ. ಅದೇ ಫೋಟೊ. ಆಯಮ್ಮನ ಕೈಯನ್ನು ಕತ್ತರಿಸಿ ತೆಗೆದಿದ್ದಾರೆ. ನನ್ನ ಹಲ್ಲುನೋವು ಮಾತ್ರ ಉಳಿದಿದೆ. ನಮ್ಮ ಸಂಸ್ಥೆಯಲ್ಲಿ ಇಷ್ಟು ನಿಖರವಾದ ಶಸ್ತ್ರಚಿಕಿತ್ಸೆ ಇದೇ ಮೊದಲು.

ಜುಲೈ 2, ಬುಧವಾರ

ಸಭೆ. ಎರಡು ಸ್ವಚ್ಛ ದಾಖಲೆ ತೋರಿಸಿದೆ, ಮೂರನೆಯದು ಏಕೆ ಇಲ್ಲ ಎಂಬುದನ್ನೂ ಹೇಳಿದೆ. ಕತ್ತರಿ ಬಹಳ ಹೊತ್ತು ಪರದೆ ನೋಡಿ, “ಆ ಆಯಮ್ಮನ್ನ ಕರೀರಿ” ಎಂದರು. ಆಯಮ್ಮ ಬಂದರು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಎಡಗೈಯ ಬಗ್ಗೆ ಅವರು ಹೇಳಿದ್ದನ್ನು ಕತ್ತರಿ ಬರೆದುಕೊಂಡರು. ಎಷ್ಟು ಸಲ, ಎಷ್ಟು ಹೊತ್ತು, ಯಾವಾಗಲಾದರೂ ಬಲಗೈ ಬಿದ್ದಿತ್ತೇ, ಏಕೆ ಹಾಗೆನ್ನಿಸುತ್ತದೆ. ಹನ್ನೆರಡು ವರ್ಷದಲ್ಲಿ ಕತ್ತರಿಯ ಬಾಯಿಂದ ಏಕೆ ಎಂಬ ಮಾತು ಇವತ್ತೇ ಮೊದಲು ಕೇಳಿದ್ದು. ಕೊನೆಗೆ ಅವರು “ಮೂರನೆಯದು ಇದೇ ಅಂದ್ಕೊಳ್ಳೋಣ. ಬಲಗಡೆ” ಎಂದರು. ಆಪರೇಷನ್ ಎಂಟಕ್ಕೆ.

ಒಪ್ಪಿಗೆಯ ಕಾಗದ ತೆಗೆದುಕೊಂಡು ನಾನೇ ವಾರ್ಡಿಗೆ ಹೋದೆ. ಅನೌನ್ಸರ್ ಪ್ರತಿ ಸಾಲನ್ನೂ ನಿಲ್ದಾಣದ ದನಿಯಲ್ಲಿ ಗಟ್ಟಿಯಾಗಿ ಓದಿದರು, ಪಕ್ಕದ ಮಂಚದವರಿಗೂ ಕೇಳಿಸುವ ಹಾಗೆ. ಪೆನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು.

“ಈ ಸಲ ಖಾತ್ರಿನಾ ಮೇಡಂ?”

“ಇಲ್ಲ” ಎಂದೆ. “ಬಲಗಡೆನೇ ಇರಬೇಕು ಅಂತ ಬಲವಾಗಿ ಅನ್ಸುತ್ತೆ. ನೂರಕ್ಕೆ ನೂರು ಅಂತ ಹೇಳಕ್ಕಾಗಲ್ಲ. ಎರಡು ಸಲ ಗೆರೆಗಳಲ್ಲಿ ನೋಡಿದೀನಿ, ಮೂರು ಸಲ ನಿಮ್ಮ ಕೈಯಲ್ಲಿ ನೋಡಿದೀನಿ. ಅಷ್ಟೇ ನನಗೆ ಗೊತ್ತಿರೋದು.”

ಅವರು ಸಹಿ ಹಾಕಿ ಕಾಗದ ನನ್ನ ಕೈಗಿತ್ತರು.

“ಈ ಸಲಾನೂ ಖಾತ್ರಿ ಅಂದಿದ್ರೆ, ಸಹಿ ಹಾಕದೆ ಇವತ್ತೇ ಮನೆಗೆ ಹೋಗ್ತಿದ್ದೆ” ಎಂದರು.